ಕಲ್ಲಿದ್ದಲು ಮುಗಿದರೂ ಟ್ರೆಡೀಗರ್ ಸತ್ತಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಬ್ರಿಟನ್ನಿನ ಸೌತ್ ವೇಲ್ಸ್ ಪ್ರವಾಸದ ಲೇಖನ ಓದಿದೆ. ಅಲ್ಲಿನ ಹಳೆಯ ಕಲ್ಲಿದ್ದಲು ಗಣಿ ಊರುಗಳನ್ನು ಲೇಖಕರು ಸತ್ತ ಊರುಗಳು ಎಂದು ಕರೆದಿದ್ದಾರೆ. ಬಾಗಿಲು ಹಾಕಿದ ಅಂಗಡಿಗಳು, ಬಿಡದ ಮಳೆ, ಖಾಲಿ ಬೀದಿಗಳು, ನೋಡಲು ಅರ್ಧ ದಿನ ಸಾಕು ಎಂದಿದ್ದಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಅಂಥದ್ದೇ ಒಂದು ಊರಿನಲ್ಲಿ ನಾನು ವೈದ್ಯೆಯಾಗಿ ದುಡಿದಿದ್ದೇನೆ, ಮಕ್ಕಳನ್ನು ಬೆಳೆಸಿದ್ದೇನೆ. ಆ ಊರಿನ ಬಗ್ಗೆ ಕನ್ನಡದ ಓದುಗರಿಗೆ ಇಷ್ಟೇ ತಲುಪಿದರೆ ಸಾಲದು. ಅದಕ್ಕೇ ಈ ಪತ್ರ.

ಊರಿನ ಹೆಸರು ಟ್ರೆಡೀಗರ್. ಸೌತ್ ವೇಲ್ಸ್‌ನ ಕಿರಿದಾದ ಕಣಿವೆಗಳಲ್ಲೊಂದರ ತಲೆಯ ಮೇಲೆ, ಬೆಟ್ಟದ ಅಂಚಿನಲ್ಲಿದೆ. 1800ರಲ್ಲಿ ಅಲ್ಲಿ ದೊಡ್ಡ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದರ ಹಿಂದೆಯೇ ಗಣಿಗಳು ಬಂದವು. ಕೆಲಸ ಹುಡುಕಿಕೊಂಡು ವೇಲ್ಸ್‌ನ ಹಳ್ಳಿಗಳಿಂದ, ಇಂಗ್ಲೆಂಡಿನಿಂದ, ಐರ್ಲೆಂಡಿನಿಂದ ಜನ ಬಂದರು. ಊರ ನಡುವಿನ ವೃತ್ತದಲ್ಲಿ 72 ಅಡಿ ಎತ್ತರದ ಗಡಿಯಾರ ಗೋಪುರ ಈಗಲೂ ನಿಂತಿದೆ. 1858ರದ್ದು, ಎರಕದ ಕಬ್ಬಿಣದ್ದು. ಅದಕ್ಕೆ ಹಣ ಹೊಂದಿಸಲು ಸಹಾಯಾರ್ಥ ಮಾರಾಟ ಮೇಳ ನಡೆಸಿದ್ದರು.

ನಿಮ್ಮ ಲೇಖಕರು ಬಹುಶಃ ಆ ಗಡಿಯಾರದ ಫೋಟೋ ತೆಗೆದುಕೊಂಡು ಮುಂದೆ ಹೋಗಿದ್ದಾರೆ. ಅದೇ ವೃತ್ತದಲ್ಲಿ 10ನೇ ನಂಬರಿನ ಒಂದು ಕಟ್ಟಡವಿದೆ. ಹೊರಗಿನಿಂದ ನೋಡಿದರೆ ಏನೂ ವಿಶೇಷವಿಲ್ಲ. ಟ್ರೆಡೀಗರ್ ಕಾರ್ಮಿಕರ ವೈದ್ಯಕೀಯ ನೆರವು ಸಂಘದ ಕಚೇರಿ ಇದ್ದದ್ದು ಅಲ್ಲೇ. ಈ ಪತ್ರದಲ್ಲಿ ಓದುಗರು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಅದು ಈ ಸಂಘವಾಗಲಿ ಎಂದು ನನ್ನ ಆಸೆ.

ಈ ಸಂಘ 1890ರಲ್ಲಿ ಶುರುವಾಯಿತು. ಗಣಿ ಮತ್ತು ಕಾರ್ಖಾನೆಯ ಕೆಲಸಗಾರರು ತಮ್ಮ ಸಂಬಳದಿಂದ ಪೌಂಡಿಗೆ ಮೂರು ಪೆನ್ನಿಯಂತೆ ಸಂಘಕ್ಕೆ ಹಿಡಿಸುತ್ತಿದ್ದರು. ಆಗ ಒಂದು ಪೌಂಡಿಗೆ 240 ಪೆನ್ನಿ. ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಗೆ ಒಂದೂಕಾಲು ರೂಪಾಯಿ ಆಯಿತು. ಹೆಚ್ಚು ಸಂಬಳದವನದ್ದು ಹೆಚ್ಚು, ಕಡಿಮೆಯವನದ್ದು ಕಡಿಮೆ. ಕಾಯಿಲೆ ಬಿದ್ದಾಗ ಮಾತ್ರ ಎಲ್ಲರಿಗೂ ಒಂದೇ ಚಿಕಿತ್ಸೆ. ಗಣಿಗೆ ಇಳಿಯದ ಊರಿನ ಜನರೂ ಚಂದಾ ಕಟ್ಟಿ ಸೇರಬಹುದಿತ್ತು. 1920ರ ದಶಕದ ಹೊತ್ತಿಗೆ ಸಂಘದಲ್ಲಿ ಐದು ಜನ ವೈದ್ಯರು, ಒಬ್ಬ ಸರ್ಜನ್, ಇಬ್ಬರು ಔಷಧಿ ಕೊಡುವವರು, ಫಿಸಿಯೋಥೆರಪಿಸ್ಟ್, ದಂತವೈದ್ಯ, ಮನೆಮನೆಗೆ ಹೋಗುವ ನರ್ಸ್ ಇದ್ದರು. ಒಂದು ಹಂತದಲ್ಲಿ ಊರಿನ ಸುಮಾರು 24,000 ಜನರಲ್ಲಿ 22,800 ಜನ ಇದರ ಆಶ್ರಯದಲ್ಲಿದ್ದರು. ಒಂದು ಸಣ್ಣ ಊರಿನ ಕೂಲಿಗಳು ಇದನ್ನು ಮಾಡಿದರು. ವೈದ್ಯರನ್ನು ಕೆಲಸಕ್ಕೆ ಇಟ್ಟುಕೊಂಡವರೂ ಅವರೇ, ಲೆಕ್ಕ ಕೇಳಿದವರೂ ಅವರೇ.

ಲೆಕ್ಕ ಕೇಳುವ ಈ ವಿಷಯ ನನಗೆ ಬಹಳ ಮುಖ್ಯ. ನಮ್ಮ ರಾಜ್ಯದಲ್ಲಿ 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂದಾಗ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾಕಿತ್ತು. ನನಗೆ ತಕ್ಷಣ ಟ್ರೆಡೀಗರ್ ನೆನಪಾಯಿತು. ಎಷ್ಟೋ ರೈತರ ಆಪರೇಷನ್ ಅದರಿಂದ ಆಯಿತು, ನಿಜಕ್ಕೂ ದೊಡ್ಡ ಕೆಲಸ. ಆದರೆ ದುಡ್ಡು ಕಟ್ಟಿದ ರೈತ ಸಮಿತಿಯಲ್ಲಿ ಕೂತು, ನಮ್ಮೂರಿಗೆ ಯಾವ ಡಾಕ್ಟರ್ ಬೇಕು ಎಂದು ಹೇಳುವಂತಾಗಲಿಲ್ಲ ಅಲ್ವಾ? ಟ್ರೆಡೀಗರಿನಲ್ಲಿ ಅದು ಸಾಧ್ಯವಾಗಿತ್ತು.

ಆ ಊರಿನ ಹುಡುಗ ಅನೈರಿನ್ ಬೆವನ್. 1897ರಲ್ಲಿ ಗಣಿ ಕೆಲಸಗಾರನ ಮನೆಯಲ್ಲಿ ಹುಟ್ಟಿದವನು. 13ನೇ ವಯಸ್ಸಿಗೇ ಶಾಲೆ ಬಿಟ್ಟು ಟಿ ಟ್ರಿಸ್ಟ್ ಎಂಬ ಗಣಿಗೆ ಇಳಿದ. ಮಾತು ತೊದಲುತ್ತಿತ್ತು. ಅವನ ಶಾಲೆ ಏನಿದ್ದರೂ ಕಾರ್ಮಿಕರು ತಮ್ಮ ಚಂದಾದಲ್ಲೇ ನಡೆಸುತ್ತಿದ್ದ ಗ್ರಂಥಾಲಯ. ಅಲ್ಲಿಂದ ಪುಸ್ತಕ ತಂದು ಓದುತ್ತಿದ್ದ. ಬೆಟ್ಟದ ಮೇಲೆ ನಡೆಯುತ್ತಾ ಪದ್ಯಗಳನ್ನು ಗಟ್ಟಿಯಾಗಿ ಹೇಳಿಕೊಂಡು ನಾಲಿಗೆ ಪಳಗಿಸಿಕೊಂಡ. 1919ರಲ್ಲಿ ಗಣಿ ಕಾರ್ಮಿಕರ ಒಕ್ಕೂಟವೇ ವಿದ್ಯಾರ್ಥಿವೇತನ ಕೊಟ್ಟು ಅವನನ್ನು ಲಂಡನ್ನಿನ ಕಾಲೇಜಿಗೆ ಕಳಿಸಿತು. 1925ರಲ್ಲಿ ಅವನ ತಂದೆ ಗಣಿಯ ಧೂಳಿನಿಂದ ಬಂದ ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡರು. ಒಂದು ಪೈಸೆ ಪರಿಹಾರ ಸಿಗಲಿಲ್ಲ. ಯಾಕೆಂದರೆ ಕಲ್ಲಿದ್ದಲಿನ ಧೂಳಿನ ಆ ಕಾಯಿಲೆ ಆಗಿನ ಪರಿಹಾರದ ಪಟ್ಟಿಯಲ್ಲೇ ಇರಲಿಲ್ಲ. 1929ರಲ್ಲಿ ಬೆವನ್ ಪಾರ್ಲಿಮೆಂಟಿಗೆ ಆರಿಸಿ ಬಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆರೋಗ್ಯ ಮಂತ್ರಿಯಾದರು. 1948ರ ಜುಲೈ 5ರಂದು ಇಡೀ ಬ್ರಿಟನ್ನಿಗೆ ಉಚಿತ ರಾಷ್ಟ್ರೀಯ ಆರೋಗ್ಯ ಸೇವೆ ತಂದರು. ನಮ್ಮೂರಿನವರಿಗೆ ಇಷ್ಟು ವರ್ಷ ಇದ್ದ ಅನುಕೂಲವನ್ನೇ ಈಗ ದೇಶಕ್ಕೆಲ್ಲ ಕೊಡುತ್ತಿದ್ದೇವೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದರು. ಆ ಊರನ್ನು ಸತ್ತ ಊರು ಅನ್ನೋದು ಹೇಗೆ?

ನಾನು ಹಾಸನ ಜಿಲ್ಲೆಯವಳು. ಮೈಸೂರಿನಲ್ಲಿ ಎಂಬಿಬಿಎಸ್ ಓದಿ, 1970ರ ದಶಕದ ಕೊನೆಯಲ್ಲಿ ಮದುವೆಯಾಗಿ ಅಲ್ಲಿಗೆ ಹೋದೆ. ನನ್ನ ಹಾಗೆ ಎಷ್ಟೋ ಜನ ಭಾರತೀಯ ವೈದ್ಯರು ಈ ಗಣಿ ಕಣಿವೆಗಳಿಗೆ ಬಂದಿದ್ದರು. ಕಾರಣ ಸರಳ. ಬ್ರಿಟನ್ನಿನ ವೈದ್ಯರಿಗೆ ಈ ಕಣಿವೆಗಳಿಗೆ ಬರುವ ಇಷ್ಟವಿರಲಿಲ್ಲ. ಕೆಲಸ ಜಾಸ್ತಿ, ಊರು ಬಡದ್ದು, ದೊಡ್ಡ ಆಸ್ಪತ್ರೆಯಲ್ಲಿ ಸಿಗುವ ಹೆಸರು ಅಲ್ಲಿ ಸಿಗುವುದಿಲ್ಲ. ಎಲ್ಲಿ ಕಾಯಿಲೆ ಹೆಚ್ಚೋ ಅಲ್ಲೇ ಒಳ್ಳೆಯ ವೈದ್ಯಕೀಯ ಸೇವೆ ಕಡಿಮೆ ಎಂದು 1971ರಲ್ಲಿ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ ಬರೆದದ್ದು ಪ್ರಪಂಚದ ವೈದ್ಯರಿಗೆಲ್ಲ ಗೊತ್ತು. ಅವರು ಕೆಲಸ ಮಾಡುತ್ತಿದ್ದದ್ದೂ ಸೌತ್ ವೇಲ್ಸ್‌ನ ಒಂದು ಗಣಿ ಹಳ್ಳಿಯಲ್ಲೇ.

ನಾನು ಹೋಗುವಷ್ಟರಲ್ಲಿ ಟಿ ಟ್ರಿಸ್ಟ್ ಮುಚ್ಚಿ ವರ್ಷಗಳೇ ಆಗಿದ್ದವು. 1959ರಲ್ಲೇ ಅದು ನಿಂತಿತ್ತು. ಗಂಡಸರು ಬಸ್ಸು ಹತ್ತಿ ಬೇರೆ ಗಣಿಗಳಿಗೆ ಹೋಗಿ ಬರುತ್ತಿದ್ದರು. ಗಣಿ ಮುಚ್ಚಿದರೂ ಕಾಯಿಲೆ ಮುಗಿಯಲಿಲ್ಲ. ಐವತ್ತು ದಾಟಿದ ಗಂಡಸರು ನನ್ನ ಕ್ಲಿನಿಕ್ಕಿನ ನಾಲ್ಕು ಮೆಟ್ಟಿಲು ಹತ್ತಿ, ಪಕ್ಕದ ಕಂಬಿ ಹಿಡಿದು ಉಸಿರಿಗಾಗಿ ನಿಲ್ಲುತ್ತಿದ್ದರು. ಬೆನ್ನಿನ ಮೇಲೆ, ಹಣೆಯ ಮೇಲೆ ನೀಲಿ ಗೆರೆಗಳಿರುತ್ತಿದ್ದವು. ಗಣಿಯೊಳಗೆ ಗಾಯವಾದಾಗ ಕಲ್ಲಿದ್ದಲಿನ ಪುಡಿ ಚರ್ಮದೊಳಗೇ ಉಳಿದು ಆದ ಗುರುತು ಅದು. ಒಬ್ಬ ಅಜ್ಜ ಪ್ರತಿ ಸಲ ಪರೀಕ್ಷೆ ಮುಗಿದ ಮೇಲೆ, ನಿಮ್ಮ ಊರಿನಲ್ಲಿ ಈಗ ಮಳೆ ಆಗ್ತಿದೆಯಾ ಎಂದು ಕೇಳುತ್ತಿದ್ದರು. ಹಾಸನದ ಆಲೂಗೆಡ್ಡೆ ಬೆಳೆಯ ಬಗ್ಗೆ ಅವರಿಗೆ ನಾನು ಹೇಳಿದಷ್ಟು ಬೇರೆ ಯಾರಿಗೂ ಹೇಳಿಲ್ಲ. ಅವರಿಗೆ ಆಕ್ಸಿಜನ್ ಸಿಲಿಂಡರ್ ಬರೆದುಕೊಟ್ಟವಳೂ ನಾನೇ.

1984ರ ಮಾರ್ಚಿನಿಂದ ಒಂದು ವರ್ಷ, ಗಣಿಗಳನ್ನು ಮುಚ್ಚುವುದರ ವಿರುದ್ಧ ಗಣಿ ಕಾರ್ಮಿಕರ ಮುಷ್ಕರ ನಡೆಯಿತು. ಸೌತ್ ವೇಲ್ಸ್‌ನವರು ಕೊನೆಯವರೆಗೂ ಬಹುಮಟ್ಟಿಗೆ ಒಗ್ಗಟ್ಟಾಗಿಯೇ ನಿಂತರು. ಸಂಬಳವಿಲ್ಲದ ಮನೆಗಳಿಗೆ ಹೆಂಗಸರು ಸೇರಿ ಆಹಾರದ ಪೊಟ್ಟಣ ಕಟ್ಟುತ್ತಿದ್ದರು. ಅಲ್ಲಿಯವರೆಗೆ ವೇದಿಕೆ ಹತ್ತದಿದ್ದ ಗೃಹಿಣಿಯರು ಊರೂರಿಗೆ ಹೋಗಿ ಭಾಷಣ ಮಾಡಿದರು. ನಾನು ಅಕ್ಕಿ, ಬೇಳೆ ಕೊಟ್ಟಾಗ ಬೇಳೆಯನ್ನು ಏನು ಮಾಡುವುದೆಂದು ಕೇಳಿದರು. ಒಂದು ಸಂಜೆ ಅವರ ಅಡುಗೆಮನೆಯಲ್ಲೇ ನಿಂತು ದೊಡ್ಡ ಪಾತ್ರೆಯಲ್ಲಿ ಹುಳಿ ಮಾಡಿದೆ, ಖಾರ ಕಡಿಮೆ ಹಾಕಿ. ಮುಷ್ಕರ ಸೋತಿತು. ಒಂದೊಂದೇ ಗಣಿ ಮುಚ್ಚಿದವು. ಅದೇ ಕಣಿವೆಯ ಕೆಳಗಿನ ಓಕ್‌ಡೇಲ್ ಗಣಿ 1989ರಲ್ಲಿ ನಿಂತಿತು. ಆಮೇಲೆ ಬಂದದ್ದು ನಿರುದ್ಯೋಗ, ಖಿನ್ನತೆ, ಊರು ಬಿಟ್ಟು ಹೋಗುವ ಹುಡುಗರು. ನಿಮ್ಮ ಲೇಖಕರು ಕಂಡ ಬಾಗಿಲು ಹಾಕಿದ ಅಂಗಡಿಗಳ ಕಥೆ ಇದು.

ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. 1882ರಲ್ಲಿ ಇದೇ ಊರಿನವರು ಐರಿಷ್ ಕೂಲಿಗಳ ಮನೆಗಳ ಮೇಲೆ ಬಿದ್ದರು. 1911ರ ಆಗಸ್ಟಿನಲ್ಲಿ ಯಹೂದಿಗಳ ಅಂಗಡಿಗಳನ್ನು ಒಡೆದು ದೋಚಿದರು, ಸೈನ್ಯವೇ ಬರಬೇಕಾಯಿತು. ಸೀರೆ ಉಟ್ಟ ಡಾಕ್ಟರ್ ಬೇಡ ಎಂದು ಆರಂಭದಲ್ಲಿ ನನ್ನ ಮುಂದೆಯೇ ಎದ್ದು ಹೋದವರೂ ಇದ್ದರು. ನೋವಾಗುತ್ತಿತ್ತು. ಅವರಲ್ಲೇ ಕೆಲವರ ಮೊಮ್ಮಕ್ಕಳಿಗೆ ಮುಂದೆ ನಾನೇ ಲಸಿಕೆ ಹಾಕಿದೆ.

ಊರಿನ ಹೊರಗೆ ಕೆವನ್ ಗೋಲೈ ಎಂಬ ಬೋಳು ಬೆಟ್ಟವಿದೆ. ಅಲ್ಲೊಂದು ಕಾಲರಾ ಸ್ಮಶಾನ. 1832 ಮತ್ತು 1849ರಲ್ಲಿ ಕಾಲರಾದಿಂದ ಸತ್ತವರನ್ನು ಊರೊಳಗೆ ಹೂಳಲು ಹೆದರಿ ಅಲ್ಲಿಗೆ ಒಯ್ದಿದ್ದರು. ವಾಲಿದ ಕಲ್ಲುಗಳ ಮೇಲೆ ತಾರೀಖುಗಳನ್ನು ಓದಬಹುದು. ಕೆಲಸಗಾರರು ಮನೆಗೊಂದಿಷ್ಟು ಹಾಕಿ ಸಂಘ ಕಟ್ಟಿದ್ದು ಏಕೆ ಎಂದು ನನಗೆ ಅರ್ಥವಾದದ್ದು ಅಲ್ಲಿ ನಿಂತಾಗ.

ಮುಂದೆ ಯಾರಾದರೂ ಕನ್ನಡಿಗರು ಆ ಕಡೆ ಹೋದರೆ ಬೆಡ್‌ವೆಲ್ಟಿ ಪಾರ್ಕಿಗೆ ದಯವಿಟ್ಟು ಹೋಗಿ. ಅಲ್ಲಿ 15 ಟನ್ ತೂಕದ ಒಂದೇ ಕಲ್ಲಿದ್ದಲಿನ ಗಟ್ಟಿ ಇದೆ. 1851ರ ಲಂಡನ್ ಮಹಾ ಪ್ರದರ್ಶನಕ್ಕೆಂದು ಕಡಿದದ್ದು, ಸಾಗಿಸಲಾಗದೆ ಊರಲ್ಲೇ ಉಳಿಯಿತು. ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ಸಾಧ್ಯವಾದರೆ ಟ್ರೆಡೀಗರ್ ಬ್ಯಾಂಡ್ ಕೇಳಿ. ಹಿತ್ತಾಳೆ ವಾದ್ಯಗಳ ಬ್ಯಾಂಡ್. ಗಣಿ ಕಾಲದ್ದು, ಗಣಿಗಳೆಲ್ಲ ಮುಚ್ಚಿದ ಮೇಲೂ ನಿಲ್ಲಲಿಲ್ಲ. 2010ರಲ್ಲೂ 2013ರಲ್ಲೂ ಬ್ರಿಟಿಷ್ ಓಪನ್ ಸ್ಪರ್ಧೆ ಗೆದ್ದಿತು. 1909ರಲ್ಲಿ ಶುರುವಾದ ಗಂಡಸರ ಗಾಯನ ತಂಡವೂ ಒಂದಿದೆ. ಗಣಿ ಕೆಲಸ ಮುಗಿಸಿ, ಸ್ನಾನ ಮಾಡಿ, ನಾಲ್ಕು ಬೇರೆ ಬೇರೆ ಧ್ವನಿಗಳನ್ನು ಹೊಂದಿಸಿ ಹಾಡುವುದನ್ನು ಅವರಿಗೆ ಯಾವ ಕಂಪನಿಯೂ ಕಲಿಸಿರಲಿಲ್ಲ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ರಾಜ್ಯದಲ್ಲೇ ಕೋಲಾರದ ಕೆಜಿಎಫ್ ಇದೆ. ಅಲ್ಲಿ ತೆಗೆದದ್ದು ಚಿನ್ನ, ಆದರೂ ಗಣಿಯೊಳಗಿನ ಧೂಳು ಅಲ್ಲೂ ಧೂಳೇ. 2001ರ ಫೆಬ್ರುವರಿ 28ರಂದು ಆ ಗಣಿ ನಿಂತಿತು. ಈಗ ಕೆಜಿಎಫ್ ಅಂದರೆ ಎಲ್ಲರಿಗೂ ಎಷ್ಟು ಟನ್ ಚಿನ್ನ, ಎಷ್ಟು ಆಳ, ಮತ್ತೆ ಗಣಿ ತೆರೆಯುತ್ತಾರಾ ಎಂಬುದೇ ಮಾತು. ತಮಿಳು, ತೆಲುಗು, ಕನ್ನಡ ಮಾತಾಡುತ್ತಾ ಒಂದೇ ಸಾಲುಮನೆಗಳಲ್ಲಿ ಬದುಕಿದ ಜನ ಗಣಿ ಆಸ್ಪತ್ರೆಯನ್ನು ಹೇಗೆ ಕಂಡರು? ಸಂಘಗಳನ್ನು ಹೇಗೆ ನಡೆಸಿದರು? ಯಾರು ಯಾರಿಗೆ ಸಾಲ ಕೊಟ್ಟರು, ಹಬ್ಬಗಳನ್ನು ಹೇಗೆ ಮಾಡಿದರು? ಇದನ್ನೆಲ್ಲ ಹೇಳಬಲ್ಲವರಿಗೆ ಈಗ ವಯಸ್ಸಾಗಿದೆ. ಎದೆಯಲ್ಲಿ ಧೂಳು ತುಂಬಿದವರು ಬಹಳ ವರ್ಷ ಕಾಯಲಾರರು. ವೈದ್ಯೆಯಾಗಿ ನನಗೆ ಇದು ಚೆನ್ನಾಗಿ ಗೊತ್ತು.

ಆದ್ದರಿಂದ ಸಂಪಾದಕರಲ್ಲಿ ನನ್ನ ವಿನಂತಿ ಇದು. ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಅರ್ಧ ಪುಟ ಜಾಗ ಕೊಡಿ. ಕೆಜಿಎಫ್‌ನ ಹಳೆಯ ಕಾರ್ಮಿಕರನ್ನೂ, ಮುಖ್ಯವಾಗಿ ಅವರ ಹೆಂಡತಿಯರನ್ನೂ, ನರ್ಸ್‌ಗಳನ್ನೂ ಮಾತಾಡಿಸಿ ಅವರ ಮಾತಿನಲ್ಲೇ ಪ್ರಕಟಿಸಿ. ವರದಿಗಾರರಿಗೆ ಬಿಡುವಿಲ್ಲದಿದ್ದರೆ ನಾನೇ ಹೋಗಿ ಬರೆದುಕೊಂಡು ಬರುತ್ತೇನೆ. ನನಗೆ ತಮಿಳು ಬರುತ್ತದೆ, ಆರೋಗ್ಯವೂ ಚೆನ್ನಾಗಿದೆ, ಮೈಸೂರಿನಿಂದ ಅಲ್ಲಿಗೆ ದೂರವೇನಿಲ್ಲ. ನಿಮ್ಮ ಉತ್ತರಕ್ಕಾಗಿ ಕಾಯುತ್ತೇನೆ.

ಒಬ್ಬ ನಿವೃತ್ತ ವೈದ್ಯೆ
ಮೈಸೂರು