ಮೌಸ್ ಮುಟ್ಟಬೇಡ ಅಂದವರಿಗೆ

ಡಿಸ್ಕ್ ಕೆಟ್ಟು, ಮೇಲ್‌ಗಳೆಲ್ಲ ಇದ್ದ ಫೈಲೇ ತೆರೆಯದೆ ಹೋಗಿದ್ದ ನನ್ನ ಕಂಪ್ಯೂಟರ್ ಸರಿಯಾಗಿದೆ. ಮೇಲ್‌ಗಳು ವಾಪಸ್ ಬಂದಿವೆ. ಎಲ್ಲವೂ ಅಲ್ಲ, ಆದರೆ ಬೇಕಾದವು ಬಂದಿವೆ. ಕ್ಲೈಂಟುಗಳ ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಹಾಕೋಕೆ ಇದ್ದ ಜುಲೈ 31ರ ಗಡುವನ್ನೂ ಹೇಗೋ ದಾಟಿದೆ. ಏನಾಯಿತು, ಹೇಗಾಯಿತು ಅನ್ನೋದನ್ನ ನಿಮ್ಮಲ್ಲಿ ಅರ್ಧ ಜನ ನನ್ನ ಬಾಯಿಂದಲೇ ಕೇಳಿ ಸಾಕಾಗಿದ್ದೀರಿ. ಆ ಪುರಾಣ ಮತ್ತೆ ಬೇಡ. ಧನ್ಯವಾದ ಹೇಳೋದು ಬಾಕಿ ಇತ್ತು, ಅದಕ್ಕೇ ಇದು.

ಮಂಡಿಪೇಟೆಯ ಅಂಗಡಿಯವರು, ರೈಸ್ ಮಿಲ್ಲಿನವರು, ಒಂದು ಮಾತೂ ಬೈಯದೆ ಬ್ಯಾಂಕ್ ಸ್ಟೇಟ್‌ಮೆಂಟು, ಬಿಲ್ಲು ಎಲ್ಲ ಮತ್ತೆ ಕಳಿಸಿದ ನಿಮಗೆಲ್ಲ ದೊಡ್ಡ ನಮಸ್ಕಾರ. ದಿನಾ ಸಂಜೆ ನರ್ಗೀಸ್ ಮಂಡಕ್ಕಿ, ಮಿರ್ಚಿ ಕಟ್ಟಿಸಿ ಕಳಿಸಿದ ಅಕ್ಕನಿಗೆ, ಬೆಂಗಳೂರಿಂದ ಫೋನಲ್ಲೇ ಧೈರ್ಯ ಹೇಳಿದ ಅವಳ ಮಗನಿಗೆ, ಹೊಸ ಹಾರ್ಡ್‌ಡಿಸ್ಕ್ ತಂದುಕೊಟ್ಟು ಇನ್ನೂ ದುಡ್ಡು ಇಸ್ಕೊಳ್ಳದ ತಮ್ಮನಿಗೆ ಕೂಡ. ಫೈಲ್ ನೋಡುವ ಮೊದಲೇ "ಫಾರ್ಮ್ಯಾಟ್ ಮಾಡಿಬಿಡೋಣ ಮೇಡಂ" ಅಂದ ಕಂಪ್ಯೂಟರ್ ಅಂಗಡಿಯವರಿಗೂ ಒಂದು ಥ್ಯಾಂಕ್ಸ್. ನೀವು ಹಾಗೆ ಅನ್ನದಿದ್ದರೆ ನಾನು ಎದುರುಮನೆ ಬಾಗಿಲು ತಟ್ಟುತ್ತಿರಲಿಲ್ಲ.

ಎದುರುಮನೆ ಮೇಷ್ಟ್ರು ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ನಿವೃತ್ತರಾದವರು. ವಿದ್ಯಾನಗರದಲ್ಲಿ ಇಷ್ಟು ವರ್ಷ ಎದುರುಬದುರು ಇದ್ದರೂ ನಮ್ಮ ಮಾತು "ನೀರು ಬಂತೇನವ್ವಾ?", "ಬಂತು ಸಾರ್" ದಾಟಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಿದ್ದವರು ಕೈ ತೊಳೆದು ಹಾಗೇ ಎದ್ದು ಬಂದರು. ಪರದೆ ಮೇಲೆ ಔಟ್‌ಲುಕ್ ಅನ್ನೋ ಮೇಲ್ ಪ್ರೋಗ್ರಾಂ ನನ್ನ ಮೇಲ್ ಫೈಲಿಗೆ 'ಇದು ಪರ್ಸನಲ್ ಫೋಲ್ಡರ್ಸ್ ಫೈಲೇ ಅಲ್ಲ' ಅನ್ನುತ್ತಿತ್ತು. ಓದಿದರು. ಕಿವಿಯನ್ನು ಡಬ್ಬಿಯ ಹತ್ತಿರ ತಂದು ಡಿಸ್ಕಿನ ಟಕ್ ಟಕ್ ಸದ್ದು ಕೇಳಿದರು. ಆಮೇಲೆ ಕಂಪ್ಯೂಟರ್ ಆಫ್ ಮಾಡಿಬಿಟ್ಟರು.

ನಾನು ರಿಪೇರಿ ಶುರುವಾಗುತ್ತೆ ಅಂದ್ಕೊಂಡಿದ್ದೆ.

ಆಫೀಸ್ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಅನ್ನೋ ರಿಪೇರಿ ಟೂಲ್ ಬಗ್ಗೆ ಅಕ್ಕನ ಮಗ ಆಗಲೇ ಹೇಳಿದ್ದ. ಸ್ಟಾರ್ಟ್ ಮೆನುವಿನಲ್ಲಿ ಕಾಣಲ್ಲ, ಆಫೀಸ್ ಫೋಲ್ಡರಿನ ಒಳಗೆಲ್ಲೋ ಕೂತಿರುತ್ತೆ. ಹುಡುಕಿಟ್ಟಿದ್ದೆ, ಒತ್ತೋದೊಂದೇ ಬಾಕಿ. ಮೇಷ್ಟ್ರು ಬಿಡಲಿಲ್ಲ. ಅದು ಮೂಲ ಫೈಲನ್ನೇ ತಿದ್ದುತ್ತೆ, ಅರ್ಥ ಆಗದ ಭಾಗ ಕೈಬಿಡುತ್ತೆ, ಅದೂ ಸಾಯ್ತಾ ಇರೋ ಡಿಸ್ಕಿನ ಮೇಲೇ ಬರೆಯುತ್ತೆ ಅಂದರು. ಮೊದಲು ನಕಲು, ಆಮೇಲೆ ನಕಲಿನ ಮೇಲೆ ರಿಪೇರಿ. ವಿಂಡೋಸಿನಲ್ಲಿ ನಕಲು ಮಾಡೋಕೆ ನಾನು ಆಗಲೇ ನೋಡಿದ್ದೆ. ಕೆಟ್ಟ ಜಾಗ ಬಂದ ಕೂಡಲೇ ಎರರ್ ಕೊಟ್ಟು ನಿಲ್ಲುತ್ತಿತ್ತು.

ಅವರು ಮನೆಗೆ ಹೋಗಿ, ವಿಂಡೋಸ್ ಬದಲು ಕಂಪ್ಯೂಟರ್ ಓಡಿಸುವ ಲಿನಕ್ಸ್ ಹಾಕಿದ ಪೆನ್‌ಡ್ರೈವ್ ತಂದರು. ಜೊತೆಗೆ ತಮ್ಮದೇ ಯುಪಿಎಸ್ ಅನ್ನು ಎದೆಗೆ ಅವಚಿಕೊಂಡು ರಸ್ತೆ ದಾಟಿ ಬಂದರು. ವಯಸ್ಸಾದವರು, ಮಳೆ ಬೇರೆ. ನಾನು ಕೈ ಕೊಡೋಕೆ ಹೋದರೆ "ಬಾಗ್ಲು ತೆಗಿಯವ್ವಾ ಸಾಕು" ಅಂದರು.

ಆಮೇಲೆ ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಓಡಿಸಿದರು. ಕೆಟ್ಟ ಜಾಗ ಸಿಕ್ಕರೆ ಅದು ಅಲ್ಲೇ ಗುದ್ದಾಡುತ್ತಾ ಕೂರಲ್ಲ. ಬಿಟ್ಟು ಮುಂದೆ ಹೋಗಿ, ಸಲೀಸಾಗಿ ಸಿಗೋದನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಕೊನೆಗೆ ವಾಪಸ್ ಬರುತ್ತೆ. ಮಳೆ ಬಂದಾಗ ಕಣದಲ್ಲಿ ಒಣಗಿದ ಭತ್ತ ಮೊದಲು ಎತ್ತಲ್ವಾ, ಹಾಗೆ ಅಂದರು ಮೇಷ್ಟ್ರು. ಎಲ್ಲಿವರೆಗೆ ಆಯಿತು ಅನ್ನೋ ಲೆಕ್ಕವನ್ನೂ ಒಂದು ಫೈಲಿನಲ್ಲಿ ಬರೆದಿಡುತ್ತೆ. ನಡುರಾತ್ರಿ ಕರೆಂಟು ಹೋಗಿ, ತುಂಬಾ ಹೊತ್ತು ಬರದೆ, ಯುಪಿಎಸ್ಸೂ ಕೈಕೊಟ್ಟಾಗ ಆ ಲೆಕ್ಕವೇ ಕಾಪಾಡಿತು. ಕರೆಂಟು ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯಿತು.

ಆ ಕತ್ತಲಲ್ಲಿ ನಾನು ಕುಸಿದೆ. ಕ್ಲೈಂಟುಗಳ ಕಾಗದಪತ್ರ ಹೇಗಾದರೂ ಮತ್ತೆ ತರಿಸಬಹುದಿತ್ತು. ಆ ಫೈಲಿನಲ್ಲಿ ಅಪ್ಪನ ಮೇಲ್‌ಗಳಿದ್ದವು, ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ರಿಟೈರ್ ಆದ ಮೇಲೆ ದುರ್ಗದಿಂದ ಬರೆಯುತ್ತಿದ್ದರು. ಫೋನ್ ಮಾಡಿದರೆ ಬಿಲ್ಲು, ಇದಕ್ಕೇನೂ ಇಲ್ಲ ಅಂತ. ಆಗಿನ ಮೇಲ್‌ಬಾಕ್ಸುಗಳು ಅಂಗೈಯಗಲ, ಮೇಲ್ ಮನೆ ಕಂಪ್ಯೂಟರಿಗೆ ಇಳಿದರೆ ಸರ್ವರಿನಲ್ಲಿ ಉಳಿಯುತ್ತಿರಲಿಲ್ಲ. ಇನ್ನೆಲ್ಲೂ ಅವು ಇರಲಿಲ್ಲ. ಅಪ್ಪನೂ ಇಲ್ಲ. "ಇನ್ನು ಬೇಡ ಸಾರ್, ಎತ್ತಿ ಬಿಸಾಕ್ತೀನಿ" ಅಂದೆ. ಅತ್ತೆ. ಪಕ್ಕದ ರೂಮಿನಲ್ಲಿ ಮಕ್ಕಳು ಮಲಗಿವೆ ಅನ್ನೋದೂ ಮರೆತು ಅತ್ತೆ.

ಮೇಷ್ಟ್ರು ಸಮಾಧಾನ ಮಾಡಲಿಲ್ಲ. ಮೊಬೈಲ್ ಬೆಳಕನ್ನು ಗೋಡೆ ಕಡೆ ತಿರುಗಿಸಿದರು. ಸ್ವಲ್ಪ ಹೊತ್ತು ಬಿಟ್ಟು, "ಅಳೋದಾದ್ರೆ ಅಳವ್ವಾ. ಮೌಸ್ ಮಾತ್ರ ಮುಟ್ಟಬೇಡ" ಅಂದರು. ನನಗೆ ಅಳುವಿನ ನಡುವೆಯೇ ನಗು ಬಂತು.

ಬೆಳಗಾಗುವವರೆಗೆ ಕೂತಿದ್ದರು. ಏನೂ ಮಾಡುತ್ತಿರಲಿಲ್ಲ, ಸುಮ್ನೆ ಕೂತಿದ್ದರು. ಇನ್ನೊಂದು ಮಾತು. ಆ ವಾರ ಭೇಟಿಯಾದವರೆಲ್ಲ ಮೊದಲು ಕೇಳಿದ್ದು "ಬ್ಯಾಕಪ್ ಇರಲಿಲ್ವಾ?" ಅಂತ. ಪ್ರೀತಿಯಿಂದಲೇ ಕೇಳಿದ್ದು, ಗೊತ್ತು. ಮೇಷ್ಟ್ರು ಅದನ್ನ ಇವತ್ತಿನವರೆಗೂ ಕೇಳಿಲ್ಲ. ಕೆಲಸ ಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ. ಏನೂ ಮಾಡದೆ ಯಾವಾಗ ಕೂರಬೇಕು ಅಂತ ಬಲ್ಲವರು ನನಗೆ ಸಿಕ್ಕಿದ್ದು ಅವರೊಬ್ಬರೇ.

ಬೆಳಿಗ್ಗೆ ಅವರ ಮನೆಯವರು ಒಗ್ಗರಣೆ ಅವಲಕ್ಕಿ, ಚಾ ತಂದರು. "ಇವ್ರು ಮನೇಲಿ ಒಂದು ಬಲ್ಬ್ ಹಾಕಲ್ಲ ನೋಡ್ರಿ" ಅಂದರು. ಅಮ್ಮಾ, ನಿಮಗೂ ನಾನು ಋಣಿ.

ನಕಲಿನ ಮೇಲೆ ಸ್ಕ್ಯಾನ್‌ಪಿಎಸ್‌ಟಿ ಓಡಿಸಿದ್ದು ಆಮೇಲೆ. ಒಂದು ಸಲಕ್ಕೆ ಮುಗಿಯಲ್ಲ ಅದು, ತಪ್ಪು ಸಿಗೋದು ನಿಲ್ಲುವವರೆಗೆ ಮತ್ತೆ ಮತ್ತೆ ಓಡಿಸಬೇಕು. ಕೊನೆಗೆ ಫೈಲ್ ತೆರೆಯಿತು. ಮನೆ ಕಳಕೊಂಡ ಮೇಲ್‌ಗಳೆಲ್ಲ 'ಲಾಸ್ಟ್ ಅಂಡ್ ಫೌಂಡ್' ಅನ್ನೋ ಫೋಲ್ಡರಿನಲ್ಲಿ ಬಿದ್ದಿದ್ದವು. ಅಪ್ಪನ ಹೆಸರಿತ್ತು. ತೆರೆದರೆ ತಲೆ ಮೇಲೆ ಗೆರೆ, ಚುಕ್ಕಿ, ಸೊನ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಎದೆ ಧಸಕ್ಕೆಂದಿತು. ಮೇಷ್ಟ್ರು ಕನ್ನಡಕ ಮೇಲೆ ಮಾಡಿ ನೋಡಿ, "ನಿಮ್ಮಪ್ಪ ಯಾವ ಆಫೀಸಲ್ಲಿದ್ರವ್ವಾ?" ಅಂದರು. ತಾಲ್ಲೂಕು ಕಚೇರಿ ಅಂದೆ. "ಹಂಗಾದ್ರೆ ಇದು ಕೆಟ್ಟಿಲ್ಲ. ನುಡಿ ಇದು."

ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡೋಕೆ ಬಳಸುತ್ತಿದ್ದ ನುಡಿ ತಂತ್ರಾಂಶ, ಅದೂ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರಗಳು ಬಳಕೆಗೆ ಬರುವ ಮುಂಚಿನದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಹೀಗೇ ಕಾಣುತ್ತೆ. ಆ ರಾಶಿಯನ್ನು ವರ್ಡ್‌ಗೆ ಅಂಟಿಸಿ, ಹಳೇ ಫಾಂಟ್ ಹುಡುಕಿ ಕಂಪ್ಯೂಟರಿಗೆ ಹಾಕಿ, ಅದಕ್ಕೆ ಆ ಫಾಂಟನ್ನೇ ಆರಿಸಿಕೊಟ್ಟರು. ಒಂದೇ ಏಟಿಗೆ ಇಡೀ ಪುಟ ಕನ್ನಡವಾಯಿತು. 'ಸಿಹಿನೀರು ಹೊಂಡ ತುಂಬಿದೆ. ನಿನ್ನಮ್ಮ ಮೆಟ್ಟಿಲಿಳಿದು ನೋಡಿ ಬಂದಳು. ನೀನು ಬರುವಾಗ ಬೆಣ್ಣೆ ತಾ.' ಅಷ್ಟೇ ಇದ್ದದ್ದು. ಮೇಷ್ಟ್ರು ಎದ್ದು ಹೊರಗೆ ಹೋಗಿ ಗೇಟ್ ಹತ್ತಿರ ನಿಂತರು.

ಈಗ ಎಲ್ಲ ಹೊಸ ಫೈಲಿನಲ್ಲಿದೆ. ಹಳೆಯದು ಔಟ್‌ಲುಕ್ 2002ರ ಕಾಲದ್ದು, 2 ಜಿಬಿ ದಾಟುವ ಹಾಗಿಲ್ಲ, ಹೆಚ್ಚುಕಮ್ಮಿ ತುಂಬಿತ್ತು. 2003ರಿಂದ ಬಂದ ಹೊಸ ಬಗೆಯ ಫೈಲಿಗೆ ಆ ತೊಂದರೆ ಇಲ್ಲ. ಹಳೆಯದನ್ನೇ ಹೊಸದಾಗಿ ಬದಲಿಸೋಕೆ ಬರಲ್ಲ, ಖಾಲಿ ಫೈಲ್ ಮಾಡಿ ಒಂದೊಂದೇ ಫೋಲ್ಡರ್ ಎಳೆದು ಹಾಕಬೇಕು. ಆ ಕೆಲಸ ಮಾತ್ರ ನನ್ನ ಕೈಲೇ ಮಾಡಿಸಿದರು. ಈಗ ಮೌಸ್ ಮುಟ್ಟಬಹುದು ಅಂತ ಅಪ್ಪಣೆ ಸಿಕ್ಕಿತ್ತು.

ಫೀಸ್ ಅಂತ ಕವರ್ ಕೊಟ್ಟರೆ ಇಸ್ಕೊಳ್ಳಲಿಲ್ಲ. ಅವರ ರಿಟರ್ನ್ಸ್ ಈ ವರ್ಷದಿಂದ ನಾನೇ ಹಾಕ್ತೀನಿ, ಅದಕ್ಕೆ ಒಪ್ಪಿದ್ದಾರೆ.

ಕೊನೆಗೆ ಎರಡು ವಿನಂತಿ. ಜೂನ್ ಕೊನೆಯಲ್ಲಿ ಬಂದ ಕೆಲವು ಅಟ್ಯಾಚ್‌ಮೆಂಟ್ ತೆರೆಯುತ್ತಿಲ್ಲ. ಆಗ ಬಿಲ್ಲು ಕಳಿಸಿದವರು ದಯವಿಟ್ಟು ಇನ್ನೊಮ್ಮೆ ಕಳಿಸಿ. ಮತ್ತೆ, ಮೇಷ್ಟ್ರ ನಂಬರ್ ಕೇಳಿ ಯಾರೂ ಫೋನ್ ಮಾಡಬೇಡಿ, ಕೊಡಲ್ಲ. ಅವರ ಮನೆಯ ಬಲ್ಬೇ ಇನ್ನೂ ಹಾಕಿಲ್ಲ.