ಕೊಮಾಲ್ ದಂಡೆಯ ಸಂಪಾದಕ

1852ರ ನವೆಂಬರ್‌ನಲ್ಲಿ ನಮ್ಮ ಟೆಕ್ಸಾಸಿನ ನ್ಯೂ ಬ್ರಾನ್‌ಫೆಲ್ಸ್‌ನಲ್ಲಿ ಒಂದು ಜರ್ಮನ್ ವಾರಪತ್ರಿಕೆ ಶುರುವಾಯಿತು. ಊರು ಹುಟ್ಟಿ ಆಗಿನ್ನೂ ಎಂಟು ವರ್ಷ ತುಂಬಿರಲಿಲ್ಲ. ಪತ್ರಿಕೆಯ ಹೆಸರು ‘ನೊಯ್ ಬ್ರೌನ್‌ಫೆಲ್ಸರ್ ಟ್ಸೈಟುಂಗ್’. ಸಂಪಾದಕರು ಫರ್ಡಿನೆಂಡ್ ಲಿಂಡ್‌ಹೈಮರ್. ವಯಸ್ಸು ಐವತ್ತು ದಾಟಿತ್ತು. ಅಲ್ಲಿಯವರೆಗೆ ಅವರು ಹೆಚ್ಚಾಗಿ ಮಾಡಿದ್ದು ಕಾಡು ಸುತ್ತಿ ಗಿಡ ಹುಡುಕಿ, ಒಣಗಿಸಿ, ಕಾಗದದ ನಡುವೆ ಇಟ್ಟು ಕಳಿಸುವ ಕೆಲಸ.

ಅಂದಹಾಗೆ, ಅದಕ್ಕೆ ಒಂಬತ್ತು ವರ್ಷ ಮೊದಲು, 1843ರಲ್ಲಿ, ಇನ್ನೊಬ್ಬ ಜರ್ಮನ್ ಮಂಗಳೂರಲ್ಲಿ ನಮ್ಮ ಮೊದಲ ಕನ್ನಡ ಪತ್ರಿಕೆ ತಂದಿದ್ದರು. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್ ಗೊತ್ತಲ್ಲ, ಅವರೇ. ಮೋಗ್ಲಿಂಗ್ ಕನ್ನಡ ಕಲಿತು ಕನ್ನಡಿಗರಿಗೆ ಬರೆದರು. ಲಿಂಡ್‌ಹೈಮರ್ ಪರದೇಶದಲ್ಲಿ ಕೂತು ತಮ್ಮವರಿಗೆ ತಮ್ಮ ಭಾಷೆಯಲ್ಲೇ ಬರೆದರು. ಇಲ್ಲಿನ ನಮ್ಮ ಕನ್ನಡ ಸಂಘದ ಸುದ್ದಿಪತ್ರ ನಡೆಸುವ ನನಗೆ ಈ ಎರಡನೆಯವರ ತಾಪತ್ರಯ ಚೆನ್ನಾಗಿ ಅರ್ಥವಾಗುತ್ತದೆ.

ಅವರ ಓದುಗರು ಇಲ್ಲಿಗೆ ಬಂದ ರೀತಿ ಕೇಳಿದರೆ ನಮ್ಮ ವೀಸಾ ಗೋಳು ಏನೂ ಅಲ್ಲ ಅನ್ನಿಸುತ್ತದೆ. 1842ರಲ್ಲಿ ರೈನ್ ನದಿಯ ದಂಡೆಯ ಬೀಬ್ರಿಖ್‌ನಲ್ಲಿ ಕೆಲವು ಸಿರಿವಂತ ಮನೆತನದವರು ಸೇರಿ ಒಂದು ಸಂಸ್ಥೆ ಕಟ್ಟಿದರು. ಒಂದು ಸಂಸಾರ 600 ಗುಲ್ಡನ್ (ಆಗಿನ ಜರ್ಮನ್ ನಾಣ್ಯ) ಕಟ್ಟಿದರೆ ಟೆಕ್ಸಾಸಿನಲ್ಲಿ 320 ಎಕರೆ ಜಮೀನು ಕೊಡುವುದಾಗಿ ಮಾತು ಕೊಟ್ಟರು. ಜಮೀನು ಇದ್ದದ್ದು ಲ್ಯಾನೋ ಮತ್ತು ಕೊಲರಾಡೋ ನದಿಗಳ ನಡುವೆ. ಅದು ಮೂಲನಿವಾಸಿಗಳಾದ ಕೊಮಾಂಚಿ ಜನರ ನೆಲ. ಅವರನ್ನು ಯಾರೂ ಕೇಳಿರಲಿಲ್ಲ. 1844ರಲ್ಲಿ ಮುಂದಾಳಾಗಿ ಬಂದ ರಾಜಕುಮಾರ ಕಾರ್ಲ್, ಬಂದವರಿಗೆ ದಾರಿಯಲ್ಲಿ ತಂಗಲು ಒಂದು ನೆಲೆ ಬೇಕೆಂದು 1845ರ ಮಾರ್ಚ್‌ನಲ್ಲಿ ಕೊಮಾಲ್ ನದಿಯ ಪಕ್ಕ ನ್ಯೂ ಬ್ರಾನ್‌ಫೆಲ್ಸ್ ಕಟ್ಟಿಸಿದರು. ಆಮೇಲೆ ಸ್ವಲ್ಪ ದಿನಕ್ಕೇ ಊರಿಗೆ ವಾಪಸ್ ಹೊರಟುಬಿಟ್ಟರು. ಲೆಕ್ಕಪತ್ರ ಮಾತ್ರ ಅಯೋಮಯ.

ಅಷ್ಟರಲ್ಲಿ ಹಡಗಿನ ಮೇಲೆ ಹಡಗು ಬಂದವು. ಸಾವಿರಾರು ಜನ ಕಡಲ ದಂಡೆಯಲ್ಲಿ ಇಳಿದರು. ಅಲ್ಲಿ ಮನೆಯಿಲ್ಲ, ಸರಿಯಾದ ನೀರಿಲ್ಲ. 1846ರಲ್ಲಿ ಮೆಕ್ಸಿಕೋ ಜೊತೆ ಯುದ್ಧ ಶುರುವಾಯಿತು. ಇವರನ್ನು ಒಳನಾಡಿಗೆ ಒಯ್ಯಬೇಕಿದ್ದ ಗಾಡಿಯವರಿಗೆ ಸೈನ್ಯದ ಬಾಡಿಗೆ ಜಾಸ್ತಿ ಸಿಕ್ಕಿತು, ಅತ್ತ ಹೋದರು. ದಂಡೆಯಲ್ಲೇ ಉಳಿದವರಲ್ಲಿ ಅನೇಕರು ಗುಡಾರಗಳಲ್ಲಿ ಜ್ವರ, ಭೇದಿ ಹಿಡಿದು ಸತ್ತರು. ನಡೆದೇ ಹೊರಟವರಲ್ಲೂ ಎಷ್ಟೋ ಜನ ನೂರು ಮೈಲಿಗೂ ಮೀರಿದ ಆ ದಾರಿಯಲ್ಲೇ ಬಿದ್ದರು. ಸತ್ತವರ ಸಂಖ್ಯೆ ನೂರಾರು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ನ್ಯೂ ಬ್ರಾನ್‌ಫೆಲ್ಸ್‌ನ ಪಾದ್ರಿ ಎರ್ವೆಂಡ್‌ಬರ್ಗ್ ದಂಪತಿ ಸಾಕಿದರು.

ಲಿಂಡ್‌ಹೈಮರ್ ಈ ಸಂಸ್ಥೆಯ ದುಡ್ಡಿನಲ್ಲಿ ಬಂದವರಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಮೇಷ್ಟ್ರಾಗಿದ್ದವರು. ಅಲ್ಲಿನ ಸರ್ಕಾರದ ವಿರುದ್ಧದ ಗುಂಪಿನ ನಂಟಿತ್ತು, ಇರುವುದು ಕಷ್ಟವಾಗಿ 1834ರಲ್ಲಿ ದೇಶ ಬಿಟ್ಟರು. ಇಲಿನಾಯ್, ಆಮೇಲೆ ಮೆಕ್ಸಿಕೋ. 1836ರಲ್ಲಿ ಮೆಕ್ಸಿಕೋದಿಂದ ಬೇರೆಯಾಗಲು ಹೊರಟಿದ್ದ ಟೆಕ್ಸಾಸ್ ಪರ ಹೋರಾಡಲು ಸೈನ್ಯಕ್ಕೆ ಸೇರಿದರು. ಸ್ಯಾನ್ ಹಸಿಂಟೋ ತಲುಪುವ ಹೊತ್ತಿಗೆ ಅಲ್ಲಿನ ನಿರ್ಣಾಯಕ ಕಾಳಗ ಮುಗಿದು ಒಂದು ದಿನವಾಗಿತ್ತು! ನಂತರ ಗಿಡಗಳ ಹುಚ್ಚು ಹಿಡಿಯಿತು. ಎರಡು ಚಕ್ರದ ಮುಚ್ಚಿದ ಗಾಡಿ, ಒಂದು ಕುದುರೆ, ಎರಡು ನಾಯಿ, ಒಂದು ಬಂದೂಕು. ಗಾಡಿಯ ತುಂಬ ಗಿಡ ಒತ್ತುವ ಕಾಗದ, ಜೊತೆಗೆ ಹಿಟ್ಟು, ಕಾಫಿ, ಉಪ್ಪು. ಹೀಗೆ ತಿಂಗಳುಗಟ್ಟಲೆ ಒಬ್ಬರೇ ಸುತ್ತುತ್ತಿದ್ದರು. ಒಣಗಿಸಿದ ಗಿಡಗಳು ಸೇಂಟ್ ಲೂಯಿಸ್‌ನ ಗೆಳೆಯ ಎಂಗೆಲ್‌ಮನ್‌ಗೆ, ಹಾರ್ವರ್ಡ್‌ನ ಏಸಾ ಗ್ರೇಗೆ ಹೋಗುತ್ತಿದ್ದವು. ಇಬ್ಬರೂ ಸಸ್ಯಶಾಸ್ತ್ರಜ್ಞರು. ನಮ್ಮಲ್ಲಿ ಅನೇಕರ ಮನೆ ಮುಂದೆ ಬಿಳಿ ಚಿಟ್ಟೆಯಂಥ ಹೂ ಬಿಡುವ ಗೌರಾ ಗಿಡ ಇದೆಯಲ್ಲ, ಅದರ ಶಾಸ್ತ್ರೀಯ ಹೆಸರಲ್ಲಿ ಇವರ ಹೆಸರೂ ಸೇರಿದೆ.

ಇಂಥವರು ಎಲಿಯೊನೋರೆಯನ್ನು ಮದುವೆಯಾಗಿ, ಕೊಮಾಲ್ ದಂಡೆಯಲ್ಲಿ ಮನೆ ಕಟ್ಟಿ, ಸುಮಾರು ಇಪ್ಪತ್ತು ವರ್ಷ ಪತ್ರಿಕೆ ನಡೆಸಿದರು. ಸಂಪಾದಕೀಯ ಓದಿ ಸಿಟ್ಟಾದ ಜನ ಅಚ್ಚಿನ ಯಂತ್ರವನ್ನು ಹೊತ್ತು ನದಿಗೆ ಎಸೆದರಂತೆ, ಇವರು ಮೇಲೆತ್ತಿ ಮುಂದಿನ ಸಂಚಿಕೆ ತಂದರಂತೆ. ಊರವರು ಇಂದಿಗೂ ಹೇಳುವ ಕಥೆ ಇದು. (ನಮ್ಮ ಓದುಗರು ವಾಟ್ಸಾಪ್‌ನಲ್ಲಿ ಬೈದು ಸುಮ್ಮನಾಗುತ್ತಾರೆ, ಪುಣ್ಯ.)

ಇಷ್ಟಾದರೂ ಅವರನ್ನು ಪೂರ್ತಿ ಮೆಚ್ಚಲು ನನ್ನಿಂದ ಆಗುವುದಿಲ್ಲ. 1854ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಜರ್ಮನ್ ಗಾಯನ ಸಂಘಗಳ ಹಬ್ಬದ ಹೊತ್ತಿಗೆ ಸೇರಿದ ಸಭೆಯೊಂದು ಗುಲಾಮಗಿರಿ ಕೆಟ್ಟದ್ದು ಎಂದು ನಿರ್ಣಯ ಮಾಡಿತು. ಅಲ್ಲಿನ ಜರ್ಮನ್ ಪತ್ರಿಕೆಯ ಸಂಪಾದಕ ಅಡಾಲ್ಫ್ ಡುವೇ ಅದನ್ನೇ ಗಟ್ಟಿಯಾಗಿ ಬರೆದರು. ಬೆಂಬಲಿಸಿದವರು ಒಬ್ಬೊಬ್ಬರಾಗಿ ಕೈಬಿಟ್ಟರು, ಬೆದರಿಕೆ ಬಂತು, 1856ರಲ್ಲಿ ಅವರು ಟೆಕ್ಸಾಸ್ ಬಿಡಬೇಕಾಯಿತು. ಲಿಂಡ್‌ಹೈಮರ್ ನಿಂತದ್ದು ಡುವೇ ಎದುರಿಗೆ. ಇಂಥ ಮಾತಿನಿಂದ ಜರ್ಮನರೆಲ್ಲರ ಮೇಲೆ ಕಣ್ಣು ಬೀಳುತ್ತದೆ ಎಂಬುದು ಅವರ ಚಿಂತೆ. ಅಮೆರಿಕದ ಅಂತರ್ಯುದ್ಧ ಬಂದಾಗ ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳ ಪರ ನಿಂತರು, ಪತ್ರಿಕೆ ಉಳಿಯಿತು.

‘ಬಂದ ಊರಲ್ಲಿ ನಮಗ್ಯಾಕೆ ಗಲಾಟೆ’ ಎಂಬ ಮಾತು ನಮ್ಮ ಸಂಘದ ಸಭೆಗಳಲ್ಲೂ ಎಷ್ಟು ಸಲ ಕೇಳಿಲ್ಲ? ಅದರ ಹಿಂದಿನ ಭಯ ಸುಳ್ಳಲ್ಲ. ಸರ್ಕಾರದ ವಿರುದ್ಧ ಮಾತಾಡಿ ಒಮ್ಮೆ ದೇಶ ಬಿಟ್ಟವರಿಗೆ ಐವತ್ತರ ಮೇಲೆ ಇನ್ನೊಮ್ಮೆ ಬಿಡುವ ಶಕ್ತಿ ಇರಲಿಲ್ಲವೇನೋ. ಆದರೂ ಆ ಗಲಾಟೆಯಲ್ಲಿ ಇದ್ದದ್ದು ಬೇರೆ ಮನುಷ್ಯರ ಬದುಕು. ನನ್ನ ಮನಸ್ಸು ಡುವೇ ಕಡೆಗೇ ವಾಲುತ್ತದೆ.

ಸುಮ್ಮನಿರದ ಜರ್ಮನರು ಟೆಕ್ಸಾಸಿನ ಬೆಟ್ಟದ ಸೀಮೆಯಲ್ಲಿ ಇನ್ನೂ ಇದ್ದರು. ದಕ್ಷಿಣದ ಸೈನ್ಯಕ್ಕೆ ಸೇರಲು ಒಪ್ಪದೆ ಮೆಕ್ಸಿಕೋ ಕಡೆ ಹೊರಟ ಗುಂಪಿನ ಮೇಲೆ 1862ರ ಆಗಸ್ಟ್ 10ರಂದು ನ್ಯೂಸೆಸ್ ನದಿಯ ಹತ್ತಿರ ದಾಳಿಯಾಯಿತು. ಗಾಯಗೊಂಡು ಸಿಕ್ಕವರನ್ನೂ ಕೊಂದರು. ಯುದ್ಧ ಮುಗಿದ ಮೇಲೆ ನೆಂಟರು ಹೋಗಿ ಮೂಳೆಗಳನ್ನು ತಂದು ಕಂಫರ್ಟ್ ಎಂಬ ಊರಲ್ಲಿ ಮಣ್ಣು ಮಾಡಿದರು. 1866ರಲ್ಲಿ ಅಲ್ಲೊಂದು ಸುಣ್ಣಕಲ್ಲಿನ ಸ್ಮಾರಕ ನಿಲ್ಲಿಸಿ ಸತ್ತವರ ಹೆಸರು ಕೆತ್ತಿಸಿದರು.

ನಮ್ಮ ಈ ಬೇಸಿಗೆಯ ಪಿಕ್ನಿಕ್ ಕೊಮಾಲ್ ದಂಡೆಯ ಲಾಂಡಾ ಪಾರ್ಕ್‌ನಲ್ಲಿ. ಲಿಂಡ್‌ಹೈಮರ್ ಮನೆಯೂ ಅದೇ ಊರಲ್ಲಿದೆ, ಈಗ ಮ್ಯೂಸಿಯಂ. ಕಂಫರ್ಟ್‌ಗೆ ಅಲ್ಲಿಂದ ಸುಮಾರು ಒಂದು ಗಂಟೆ ದಾರಿ. ಊಟಕ್ಕೆ ಮೊದಲು ಹೋಗಿ ಬರುವ ಆಸಕ್ತಿ ಇದ್ದವರು ತಿಳಿಸಿ, ನಮ್ಮ ಕಾರಿನಲ್ಲಿ ಜಾಗ ಇದೆ.