ಕಾನಾಮೋ ಏರಲು 7 ದಿನ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಮುಂಬಯಿ, ಪುಣೆಯ ಕನ್ನಡಿಗ ಚಾರಣಿಗರಲ್ಲಿ ಅನೇಕರು ಹಿಮಾಚಲದ ಸ್ಪಿತಿಯ ಕಡೆ ಮುಖ ಮಾಡುತ್ತಾರೆ. ಅಲ್ಲಿನ ಕಾನಾಮೋ ಶಿಖರಕ್ಕೆ ‘ಪುಣೆಯಿಂದ ಪುಣೆಗೆ 7 ದಿನ’ ಎಂಬ ಕಾರ್ಯಕ್ರಮ ಪ್ರವಾಸ ಪುಟಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತಿದೆ. ಅದನ್ನು ನಂಬಿ ಹೊರಟರೆ ಪ್ರಾಣಕ್ಕೆ ಅಪಾಯ. ಅದಕ್ಕಾಗಿಯೇ ಈ ಪತ್ರ.

ಕಾನಾಮೋದ ಎತ್ತರ ಸುಮಾರು 5,960 ಮೀಟರ್. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹಿಮ ಕರಗಿದ್ದರೆ ಹಗ್ಗ, ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಲೋಹದ ಮುಳ್ಳು) ಯಾವುದೂ ಬೇಕಿಲ್ಲ, ನಡೆದೇ ತುದಿ ಮುಟ್ಟಬಹುದು. ಜನ ಮೋಸಹೋಗುವುದು ಇಲ್ಲೇ. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1,646 ಮೀಟರ್. ಅದನ್ನು ಓಡಿ ಹತ್ತುವವರ ಕಾಲು, ಗುಂಡಿಗೆ ಎರಡೂ ಗಟ್ಟಿಯೇ, ಸಂಶಯವಿಲ್ಲ. ಆದರೆ 5,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಮುಂಬಯಿಯ ಅರ್ಧದಷ್ಟು. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಈ ಕೊರತೆಗೆ ದೇಹ ಒಗ್ಗಿಕೊಳ್ಳುವುದು ದಿನಗಳ ಲೆಕ್ಕದಲ್ಲಿ, ವ್ಯಾಯಾಮದ ಲೆಕ್ಕದಲ್ಲಲ್ಲ. ಗಟ್ಟಿಮುಟ್ಟಾದವರೇ ವೇಗವಾಗಿ ಮೇಲೇರಿ ಮೊದಲು ಕಾಯಿಲೆ ಬೀಳುವುದೂ ಉಂಟು.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಪರ್ವತ ವೈದ್ಯರು ಹೇಳುವ ನಿಯಮ ಇದು. 7 ದಿನದ ಕಾರ್ಯಕ್ರಮಗಳು ಮನಾಲಿಯ ದಾರಿ ಹಿಡಿಯುತ್ತವೆ. ಮನಾಲಿ 2,050 ಮೀಟರ್. ಅಲ್ಲಿಂದ ಸುಮಾರು 4,590 ಮೀಟರ್‌ನ ಕುಂಜುಮ್ ಕಣಿವೆದಾರಿ ದಾಟಿ ಅದೇ ಸಂಜೆ ಸ್ಪಿತಿಯ ಮುಖ್ಯ ಊರಾದ ಕಾಜಾದಲ್ಲಿ ಮಲಗಿದರೆ ಒಂದೇ ನೆಗೆತಕ್ಕೆ 1,600 ಮೀಟರ್ ಏರಿದಂತೆ. ಮರುದಿನವೇ 4,200 ಮೀಟರ್‌ನ ಕಿಬ್ಬರ್ ಹಳ್ಳಿ, ಅದರ ಮರುದಿನ ಸುಮಾರು 4,800 ಮೀಟರ್‌ನ ಬೇಸ್ ಕ್ಯಾಂಪ್. ತಲೆನೋವು, ವಾಕರಿಕೆ, ನಿದ್ದೆಗೇಡು ಬಾರದಿದ್ದರೇ ಆಶ್ಚರ್ಯ.

ಶಿಮ್ಲಾ–ಕಿನ್ನೌರ್ ದಾರಿಯಲ್ಲಿ ಹೋಗಿ. ಮೊದಲ ರಾತ್ರಿ ಶಿಮ್ಲಾ, ಎರಡನೆಯದು ಕಲ್ಪಾ (2,960), ಮೂರನೆಯದು ತಾಬೋ (3,280), ಆಮೇಲೆ ಕಾಜಾದಲ್ಲಿ ಎರಡು, ಕಿಬ್ಬರ್‌ನಲ್ಲಿ ಎರಡು, ಬೇಸ್ ಕ್ಯಾಂಪಿನಲ್ಲಿ ಎರಡು ರಾತ್ರಿ. ಕಿಬ್ಬರ್‌ನಿಂದ ಬೇಸ್ ಕ್ಯಾಂಪಿನ ಏರು 500 ಮೀಟರ್ ಮೀರುವುದರಿಂದ ಕಿಬ್ಬರ್‌ನ ಎರಡನೇ ರಾತ್ರಿಯನ್ನು ಬಿಡುವಂತಿಲ್ಲ. ಬೇಸ್ ಕ್ಯಾಂಪಿನಲ್ಲಿ ಸಿಗುವ ಬಿಡುವಿನ ದಿನ ಡೇರೆಯಲ್ಲಿ ಬಿದ್ದುಕೊಳ್ಳದೆ 5,200 ಮೀಟರ್‌ವರೆಗೆ ಹತ್ತಿ ಇಳಿದು ಬರಬೇಕು. ಹತ್ತನೇ ದಿನ ಶಿಖರ. ಮಳೆಗಾಲದಲ್ಲಿ ಸ್ಪಿತಿಯಲ್ಲಿ ಮಳೆ ಕಡಿಮೆಯಾದರೂ ಕಿನ್ನೌರ್‌ನ ರಸ್ತೆಯಲ್ಲಿ ಗುಡ್ಡ ಕುಸಿಯುತ್ತದೆ, ಹಾಗಾಗಿ ಎರಡು ದಿನ ಕೈಯಲ್ಲಿರಲಿ. ವಾಪಸಾತಿಗೆ ಮೂರು ದಿನ ಸೇರಿಸಿದರೆ ಒಟ್ಟು 15. ಅಷ್ಟು ರಜೆ ಸಿಗದವರು ಕಿಬ್ಬರ್‌ವರೆಗೆ ಹೋಗಿ ಬನ್ನಿ. ಅದೂ ಚೆಂದದ ಪ್ರವಾಸವೇ.

ಡಯಾಮಾಕ್ಸ್ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್ ಮಾತ್ರೆ ಒಗ್ಗಿಕೊಳ್ಳುವುದಕ್ಕೆ ನೆರವಾಗುತ್ತದೆ, ಅವಸರಕ್ಕೆ ಪರವಾನಗಿ ಕೊಡುವುದಿಲ್ಲ. ರೂಢಿಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಏರಲು ಆರಂಭಿಸುವ ಹಿಂದಿನ ದಿನದಿಂದ. ಸಲ್ಫಾ ಔಷಧ ಒಗ್ಗದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಅದರ ಸಹಜ ಪರಿಣಾಮ. ಬರೀ ತಲೆನೋವಿದ್ದರೆ ಅಲ್ಲೇ ತಂಗಿ, ಮೇಲೇರಬೇಡಿ. ನೆಲದ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ ಮೆದುಳಿನಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಿರಿ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ. ಎರಡಕ್ಕೂ ಮದ್ದು ಕೂಡಲೇ ಕೆಳಗಿಳಿಸುವುದು, ಅದು ನಡುರಾತ್ರಿಯಾದರೂ ಸರಿ. ಬೆಳಗಾಗಲಿ ಎಂದು ಕಾಯುವುದರಲ್ಲೇ ಜೀವ ಹೋಗುತ್ತದೆ. ಆಕ್ಸಿಮೀಟರ್ ಅಂಕಿಯೊಂದನ್ನೇ ನಂಬಬೇಡಿ, ತಣ್ಣನೆಯ ಬೆರಳಿನಲ್ಲಿ ಅದು ತಪ್ಪು ತೋರಿಸುತ್ತದೆ.

ಸ್ಪಿತಿ ಶೀತ ಮರುಭೂಮಿ, ಅಲ್ಲಿ ನೀರಿನ ಮಾತು ಬೇರೆಯೇ. ಸಹ್ಯಾದ್ರಿಯ ಕೋಟೆಗಳ ಮೇಲೆ ಕಲ್ಲಿನಲ್ಲಿ ಕೊರೆದ ಟಾಕೆಗಳಿವೆ (ನೀರಿನ ತೊಟ್ಟಿಗಳು), ಜುಲೈನಲ್ಲಂತೂ ಎಲ್ಲೆಡೆ ನೀರು. ಕಾನಾಮೋದಲ್ಲಿ ಬೇಸ್ ಕ್ಯಾಂಪ್ ಬಿಟ್ಟರೆ ಮೇಲೆ ನೀರನ್ನು ನೆಚ್ಚುವಂತಿಲ್ಲ. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಏದುಸಿರಿನಲ್ಲೇ ಮೈಯ ನೀರು ಹೋಗುತ್ತಿರುತ್ತದೆ, ಬಾಯಾರಿಕೆ ಮಾತ್ರ ತಿಳಿಯುವುದಿಲ್ಲ. ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ಕುಡಿಯಬೇಕು. ಶಿಖರದ ದಿನ ಒಬ್ಬರಿಗೆ ಮೂರು ಲೀಟರ್, ಅದರಲ್ಲಿ ಒಂದು ಲೀಟರ್ ಫ್ಲಾಸ್ಕಿನಲ್ಲಿ ಬಿಸಿಯಾಗಿರಲಿ. ಕೊಳವೆಯಿರುವ ನೀರಿನ ಚೀಲ ಬೇಡ, ಬೆಳಗಿನ ಜಾವ ಕೊಳವೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲ್ಭಾಗದಲ್ಲಿ ಕಟ್ಟುವುದರಿಂದ ಮುಚ್ಚಳದ ಕಡೆ ನೀರು ಉಳಿಯುತ್ತದೆ.

ಅಡುಗೆಯಲ್ಲೂ ಎಡವುವವರಿದ್ದಾರೆ. 4,800 ಮೀಟರ್‌ನಲ್ಲಿ ನೀರು ಸುಮಾರು 84 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯದು, ಸೀಮೆಎಣ್ಣೆ ಮುಗಿಯುತ್ತದೆ ಅಷ್ಟೆ. ಕುಕ್ಕರ್ ಒಯ್ಯಬೇಕು, ಇಲ್ಲವೇ ಅವಲಕ್ಕಿ, ಹುರಿಹಿಟ್ಟು, ರವೆಯಂಥವನ್ನು ನೆಚ್ಚಬೇಕು. ಬರೀ ಬ್ಯೂಟೇನ್ ಇರುವ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಸೋಲುತ್ತದೆ. ಪ್ರೊಪೇನ್ ಬೆರೆತದ್ದು ಬೇಕು. ವಿಮಾನದಲ್ಲಿ ಯಾವ ಗ್ಯಾಸ್ ಡಬ್ಬಿಯನ್ನೂ ಬಿಡುವುದಿಲ್ಲ, ಆ ಕಡೆಯೇ ಕೊಳ್ಳಬೇಕು.

ಶಿಖರದ ದಿನ ಏರು ಸುಮಾರು 1,160 ಮೀಟರ್. ಆತಕರವಾಡಿಯಿಂದ ಸಿಂಹಗಡವನ್ನು ಒಂದೇ ದಿನ ಎರಡು ಬಾರಿ, ಬೆನ್ನಿಗೆ 8 ಕಿಲೋ ಹಾಕಿಕೊಂಡು ಹತ್ತಿದರೆ ಕಾಲಿಗೆ ಹೆಚ್ಚುಕಡಿಮೆ ಅದೇ ತಾಲೀಮು. ಆದರೆ ನಮ್ಮ ಕರಿಬಂಡೆಯಂತೆ ಅಲ್ಲಿ ಹಿಡಿತ ಸಿಗದು. ಇಡೀ ಇಳಿಜಾರು ಸಡಿಲ ಜಲ್ಲಿ, ಎರಡು ಹೆಜ್ಜೆ ಇಟ್ಟರೆ ಒಂದು ಹಿಂದೆ ಜಾರುತ್ತದೆ. ಕಣಕಾಲು ಮುಚ್ಚುವ ಬೂಟು, ಎರಡು ಊರುಗೋಲು ಬೇಕೇ ಬೇಕು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಡೆಯಬೇಡಿ, ಮೇಲಿನವರ ಕಾಲಿಗೆ ಸಿಕ್ಕ ಕಲ್ಲು ಕೆಳಗಿನವರ ತಲೆಗೆ ಬರುತ್ತದೆ. ಬೆಳಗಿನ ಜಾವ 2 ಗಂಟೆಗೆ ಹೊರಡಿ. ಮಧ್ಯಾಹ್ನ 12ಕ್ಕೆ ಎಲ್ಲಿದ್ದರೂ ಹಿಂದಿರುಗಬೇಕೆಂದು ಹೊರಡುವ ಮುಂಚೆಯೇ ನಿರ್ಧರಿಸಿ, ತುದಿ ಕಣ್ಣೆದುರಿಗಿದ್ದರೂ ಸರಿ. ಆಮೇಲೆ ಗಾಳಿ ಜೋರಾಗುತ್ತದೆ, ದಣಿದ ಕಾಲು ಇಳಿಜಾರಿನಲ್ಲಿ ತಪ್ಪುತ್ತದೆ. ಅತಿನೇರಳೆ ಕಿರಣ ತಡೆಯುವ ಕಪ್ಪು ಕನ್ನಡಕವಿಲ್ಲದೆ ಹಿಮದ ಮೇಲೆ ನಡೆದರೆ ಸಂಜೆಗೆ ಕಣ್ಣು ತೆರೆಯಲಾಗದು.

ಭಾರತೀಯರಿಗೆ ಈ ದಾರಿಯಲ್ಲಿ ಇನ್ನರ್ ಲೈನ್ ಪರವಾನಗಿ (ಗಡಿಗೆ ಹತ್ತಿರದ ಪ್ರದೇಶಕ್ಕೆ ಹೋಗಲು ಸರ್ಕಾರ ಕೊಡುವ ಅನುಮತಿ) ಬೇಡ. ಉಪಗ್ರಹ ಫೋನನ್ನು ಮಾತ್ರ ಸರ್ಕಾರದ ಅನುಮತಿಯಿಲ್ಲದೆ ಒಯ್ದರೆ ಬಂಧನವಾಗಬಹುದು. ಕಿಬ್ಬರ್‌ನಿಂದ ಸ್ಥಳೀಯ ಮಾರ್ಗದರ್ಶಿಯನ್ನು ಕರೆದೊಯ್ಯಿರಿ. ಆ ವರ್ಷ ಎಲ್ಲಿ ಹಿಮ ಉಳಿದಿದೆ, ಯಾವ ಝರಿ ಬತ್ತಿದೆ ಎಂಬುದು ಅವರಿಗೇ ಗೊತ್ತು.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು: ಎತ್ತರದ ಪ್ರದೇಶಗಳ ಪ್ರವಾಸ ಲೇಖನ ಪ್ರಕಟಿಸುವಾಗ ಊರಿನ ಹೆಸರಿನ ಜೊತೆ ಪ್ರತಿ ರಾತ್ರಿ ಮಲಗುವ ಎತ್ತರವನ್ನೂ ಮೀಟರ್‌ನಲ್ಲಿ ಮುದ್ರಿಸಿ. 3,000 ಮೀಟರ್‌ನ ಮೇಲೆ ಎರಡು ರಾತ್ರಿಗಳ ನಡುವಿನ ಅಂತರ 500 ದಾಟಿದ್ದರೆ ಓದುಗರೇ ಗುರುತಿಸಿ ಪ್ರವಾಸ ಸಂಸ್ಥೆಯವರನ್ನು ಪ್ರಶ್ನಿಸಬಹುದು.

– ಕೆಲವು ಕನ್ನಡಿಗ ಚಾರಣಿಗರು, ಕೊಥ್ರೂಡ್, ಪುಣೆ